ಫರ್ಡಿನಾಂಡ್ ಅಂದರ ಏನು?

ಕನ್ನಡ ನಿಘಂಟು ಅಂದ ಕೂಡಲೇ ನೆನಪಾಗುವ ಹೆಸರು ಫರ್ಡಿನಾಂಡ್ ಕಿಟೆಲ್. 1832ರಲ್ಲಿ ಜರ್ಮನಿಯಲ್ಲಿ ಹುಟ್ಟಿ, 1853ರಲ್ಲಿ ಬಾಸೆಲ್ ಮಿಶನ್ನಿನ ಪಾದ್ರಿಯಾಗಿ ಇಲ್ಲಿಗೆ ಬಂದು, 1894ರಲ್ಲಿ ಸುಮಾರು 70,000 ಪದಗಳ ಕನ್ನಡ-ಇಂಗ್ಲಿಷ್ ಕೋಶ ಕೊಟ್ಟವರು. ಕಿಟೆಲ್ ಅನ್ನೋದು ಮನೆತನದ ಹೆಸರು. ಫರ್ಡಿನಾಂಡ್ ಅಂದರ? ಇಂಗ್ಲಿಷ್ ಹೆಸರಿಗೆ ಅರ್ಥ ಎಲ್ಲಿರ್ತದ ಅಂತ ನಮ್ಮ ತರಗತಿಯ ಕೆಲವರು ನಕ್ಕರು. ಅದು ಇಂಗ್ಲಿಷ್ ಅಲ್ಲ, ಅರ್ಥವೂ ಅದ.

ಕನ್ನಡ, ತೆಲುಗು, ತಮಿಳು ಹ್ಯಾಂಗ ಒಂದೇ ಕುಟುಂಬವೋ ಹಾಂಗೆ ಜರ್ಮನ್, ಡಚ್, ಇಂಗ್ಲಿಷ್ ಭಾಷೆಗಳದೂ ಒಂದು ಕುಟುಂಬ. ಅದಕ್ಕೆ ಜರ್ಮಾನಿಕ್ ಅಂತಾರೆ. ಆ ಜನ ಎರಡು ಶಬ್ದ ಕೂಡಿಸಿ ಗಂಡುಮಕ್ಕಳಿಗೆ ಹೆಸರಿಡುತ್ತಿದ್ದರು. ನಮ್ಮ ಸೇಡಂ ತಾಲೂಕಿನ ಮಳಖೇಡದಿಂದ ಆಳಿದ ಅಮೋಘವರ್ಷನ ಹೆಸರು ಬಿಡಿಸಿ ನೋಡ್ರಿ: ಅಮೋಘ ಅಂದರೆ ಹುಸಿಯಾಗದ, ವರ್ಷ ಅಂದರೆ ಮಳೆ. ಫರ್ಡಿನಾಂಡನ್ನೂ ಹಾಂಗೇ ಬಿಡಿಸಬೇಕು. ಎರಡನೇ ತುಂಡಿಗೆ ಧೈರ್ಯ ಅಂತ ಅರ್ಥ. ಮೊದಲನೇ ತುಂಡಿನ ಬಗ್ಗೆ ಪಂಡಿತರಲ್ಲಿ ಎರಡು ಮತ: ಪಯಣ ಅಂತ ಕೆಲವರು, ಶಾಂತಿ ಅಂತ ಕೆಲವರು. ಜರ್ಮನ್ನಿನಲ್ಲಿ ಇಂದಿಗೂ ಫಾರೆನ್ ಅಂದರೆ ಪ್ರಯಾಣ ಮಾಡು, ಫ್ರೀಡೆನ್ ಅಂದರೆ ಶಾಂತಿ. ವಾಡಿಯಿಂದ ಶಹಾಬಾದಿಗೆ ರೈಲಿನಾಗ ಹೋಗಲು ಕೊಡುವ ದರಕ್ಕೆ ಇಂಗ್ಲಿಷಿನಲ್ಲಿ ಫೇರ್ ಅಂತಾರಲ್ಲ, ಅದು ಫಾರೆನ್ನಿನ ಬಂಧು! ನನಗಂತೂ ಪಯಣದ ಅರ್ಥವೇ ಸೇರ್ತದ. ಧೈರ್ಯದ ಪಯಣಿಗ. ಕಿಟೆಲ್ಲರಿಗೆ ಒಪ್ಪೋದು ಅದೇ.

ಹೆಸರು ತಾನೂ ಊರೂರು ತಿರುಗ್ಯಾದ. ಗಾಥರು ಅನ್ನುವ ಜರ್ಮಾನಿಕ್ ಜನ ಅದನ್ನು ಸ್ಪೇನಿಗೆ ಒಯ್ದರು. ಅಲ್ಲಿ ಅದು ಫರ್ನಾಂಡೋ ಆಯಿತು, ನಮ್ಮಲ್ಲಿ ಬಸವರಾಜ ಬಸ್ಯಾ ಆದ ಹಾಂಗೆ. ಪೋರ್ಚುಗೀಸರಲ್ಲಿ ಫರ್ನಾಂಡೋನ ಮಗ ಫರ್ನಾಂಡಿಸ್. ಅದು ಗೋವಾ, ಮಂಗಳೂರಿಗೂ ಬಂತು. 1989ರಲ್ಲಿ ರೈಲ್ವೆ ಮಂತ್ರಿಯಾದ ಮಂಗಳೂರಿನ ಜಾರ್ಜ್ ಫರ್ನಾಂಡಿಸರ ಅಡ್ಡಹೆಸರು ಇದೇ ಬೇರಿನದು. ಇತ್ತ 1503ರಲ್ಲಿ ಸ್ಪೇನಿನಲ್ಲಿ ಹುಟ್ಟಿದ ಒಬ್ಬ ಫರ್ಡಿನಾಂಡ್ ಆಸ್ಟ್ರಿಯಾಕ್ಕೆ ಹೋಗಿ ಆಳಿದ, ಮುಂದೆ ಚಕ್ರವರ್ತಿಯಾದ. ಆಮೇಲೆ ಜರ್ಮನ್ ನಾಡಿನಲ್ಲಿ ಈ ಹೆಸರು ಹಬ್ಬಿತು. ತವರಿನಿಂದ ಹೋದದ್ದು ತವರಿಗೇ ಬಂತು ನೋಡ್ರಿ.

ಇನ್ನು ನಮ್ಮವೇ ಹೆಸರು. ಹಾಜರಿಯಲ್ಲಿ ತಿಪ್ಪಣ್ಣ ಅಂತ ಕೂಗಿದರೆ ನಗುವವರು ಇದ್ದಾರೆ. ಹಿಂದೆ ಹುಟ್ಟಿದ ಕೂಸುಗಳು ಉಳಿಯದಿದ್ದರೆ, ಹೊಸ ಕೂಸನ್ನು ತಿಪ್ಪೆ ಮೇಲೆ ಮಲಗಿಸಿ ಎತ್ತಿಕೊಂಡು ಈ ಹೆಸರು ಇಡುವ ರೂಢಿ ಇತ್ತು. ಕಸ ಅಂತ ತಿಳಿದು ಸಾವು ಬಿಟ್ಟು ಹೋಗಲಿ ಅಂತ. ಅವರು ಧೈರ್ಯ ಬೇಡಿದರು, ನಮ್ಮ ಅವ್ವಂದಿರು ಬರೀ ಜೀವ ಬೇಡಿದರು. ಕಿಟೆಲ್ಲರ ಕೋಶದಾಗ ತಿಪ್ಪೆ ಅನ್ನೋ ಪದವೂ ಅದ.