ಹಳೆಯ ಸರಕು ಉಗಿಹಡಗು ಹಾಗೂ ಅದರ ನಾವಿಕರ ಇತಿಹಾಸ: ದಾಖಲೆಗಳ ಶೋಧನೆ ಕುರಿತು ಸಾರ್ವಜನಿಕರಿಗೆ ಮಾಹಿತಿ

ಹಿಂದಿನ ಕಾಲದ ಸರಕು ಹಡಗೊಂದರ ಚರಿತ್ರೆಯನ್ನು, ಅಥವಾ ಅದರಲ್ಲಿ ದುಡಿದ ಪೂರ್ವಿಕರೊಬ್ಬರ ಸೇವಾ ವಿವರವನ್ನು ತಿಳಿಯಬಯಸುವ ನಾಗರಿಕರ ಉಪಯೋಗಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಗೌರಿಬಿದನೂರಿನಂತಹ ಒಳನಾಡಿನ ತಾಲ್ಲೂಕಿನಲ್ಲಿ ವಾಸಿಸುವವರಿಗೆ ಬಂದರಿನ ದಾಖಲೆಗಳು ಸಮೀಪದಲ್ಲಿ ದೊರೆಯುವುದಿಲ್ಲ. ಆದುದರಿಂದ ಯಾವ ದಾಖಲೆ ಯಾರ ವಶದಲ್ಲಿದೆ ಎಂಬುದನ್ನು ಮೊದಲೇ ಅರಿತು ಅರ್ಜಿ ಸಲ್ಲಿಸುವುದು ಸೂಕ್ತ.

ಹಡಗಿನ ಗುರುತು:

ಹೆಸರೊಂದರಿಂದಲೇ ಹಡಗನ್ನು ಗುರುತಿಸಲಾಗದು. ಒಂದೇ ಹೆಸರಿನ ಹಲವು ಹಡಗುಗಳಿದ್ದವು. ಮಾರಾಟವಾದಾಗ ಹೆಸರು ಬದಲಾಗುತ್ತಿತ್ತು. ಆದರೆ 1854ರ ವಾಣಿಜ್ಯ ನೌಕಾಯಾನ ಕಾಯಿದೆಯ ನಂತರ ಬ್ರಿಟಿಷ್ ನೋಂದಣಿಯ ಪ್ರತಿ ಹಡಗಿಗೂ ನೀಡಲಾದ ಅಧಿಕೃತ ಸಂಖ್ಯೆಯು ಹೆಸರು ಬದಲಾದರೂ ಬದಲಾಗುತ್ತಿರಲಿಲ್ಲ. ಲಾಯ್ಡ್ಸ್ ರಿಜಿಸ್ಟರ್‌ನ ವಾರ್ಷಿಕ ಸಂಪುಟಗಳಲ್ಲಿ ಹಡಗನ್ನು ಕಟ್ಟಿದ ಸ್ಥಳ, ವರ್ಷ, ತೂಕ ಮತ್ತು ಮಾಲೀಕರ ವಿವರ ದೊರೆಯುತ್ತದೆ. ಈ ಸಂಖ್ಯೆ ಕೈಸೇರುವವರೆಗೆ ನಾವಿಕರ ಹೆಸರನ್ನು ಅರಸುವುದು ಬಹುಪಾಲು ವ್ಯರ್ಥ ಶ್ರಮ.

ಒಂದು ಉದಾಹರಣೆ:

ರಾಜ್ಯದ ಅಗ್ನಿಶಾಮಕ ಠಾಣೆಗಳಲ್ಲಿ ಪ್ರತಿ ವರ್ಷ ಏಪ್ರಿಲ್ 14ರಿಂದ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸಲಾಗುತ್ತದೆ. ಈ ದಿನಾಂಕದ ಹಿಂದಿರುವುದು ‘ಫೋರ್ಟ್ ಸ್ಟಿಕಿನ್’ ಎಂಬ ಸರಕು ಉಗಿಹಡಗು. ಕೆನಡಾದ ಪ್ರಿನ್ಸ್ ರೂಪರ್ಟ್‌ನಲ್ಲಿ 1942ರಲ್ಲಿ ನಿರ್ಮಾಣಗೊಂಡ, 7,142 ಟನ್ನಿನ ಈ ಹಡಗು 1944ರ ಫೆಬ್ರವರಿಯಲ್ಲಿ ಇಂಗ್ಲೆಂಡಿನಿಂದ ಹೊರಟು, ಕರಾಚಿಯಲ್ಲಿ ಹತ್ತಿಯ ಬೇಲುಗಳನ್ನು ಹೇರಿಕೊಂಡು, ಏಪ್ರಿಲ್ 12ರಂದು ಮುಂಬಯಿಯ ವಿಕ್ಟೋರಿಯಾ ಡಾಕ್ ತಲುಪಿತು. ಒಡಲಲ್ಲಿ ಸುಮಾರು 1,400 ಟನ್ ಸ್ಫೋಟಕಗಳೂ ಚಿನ್ನದ ಗಟ್ಟಿಗಳೂ ಇದ್ದವು. ಏಪ್ರಿಲ್ 14ರ ಮಧ್ಯಾಹ್ನ ಬೆಂಕಿ ಕಾಣಿಸಿಕೊಂಡು, ಸಂಜೆ ನಾಲ್ಕು ಗಂಟೆಯ ನಂತರ ಎರಡು ಭಾರಿ ಸ್ಫೋಟಗಳು ಸಂಭವಿಸಿದವು. ನಾಯಕ ಅಲೆಕ್ಸಾಂಡರ್ ನೈಸ್ಮಿತ್, 66 ಅಗ್ನಿಶಾಮಕ ಸಿಬ್ಬಂದಿ ಹಾಗೂ ನೂರಾರು ಜನರು ಪ್ರಾಣ ಕಳೆದುಕೊಂಡರು. ಸಿಂಧಿಯಾ ಕಂಪನಿಯ ‘ಜಲಪದ್ಮ’ ಹಡಗು ದಕ್ಕೆಯ ಮೇಲಕ್ಕೆ ಎಸೆಯಲ್ಪಟ್ಟಿತು.

ಹಡಗಿನ ನಾಯಕನ ಹೆಸರು ಪುಸ್ತಕಗಳಲ್ಲಿ ಸುಲಭವಾಗಿ ದೊರೆಯುತ್ತದೆ. ಆ ಕಾಲದ ಹಡಗುಗಳಲ್ಲಿ ಕಲ್ಲಿದ್ದಲು ತುಂಬುತ್ತಿದ್ದ, ಅಡುಗೆ ಮಾಡುತ್ತಿದ್ದ ಭಾರತೀಯರ ಹೆಸರುಗಳು ಹಾಗೆ ದೊರೆಯುವುದಿಲ್ಲ. ಶೋಧನೆಯ ನಿಜವಾದ ಕಷ್ಟ ಇಲ್ಲಿದೆ.

ನಾವಿಕರ ದಾಖಲೆಗಳು:

1863ರಿಂದ 1938ರವರೆಗಿನ ಬ್ರಿಟಿಷ್ ಹಡಗುಗಳ ಸಿಬ್ಬಂದಿ ಒಪ್ಪಂದ ಪತ್ರಗಳಲ್ಲಿ ಸುಮಾರು ಶೇಕಡ 70ರಷ್ಟು ಕೆನಡಾದ ನ್ಯೂಫೌಂಡ್‌ಲ್ಯಾಂಡ್‌ನ ಸಾಗರ ಇತಿಹಾಸ ಪತ್ರಾಗಾರದಲ್ಲಿವೆ. 1939ರಿಂದ 1950ರವರೆಗಿನವು ಲಂಡನ್ ಬಳಿಯ ಕ್ಯೂ ರಾಷ್ಟ್ರೀಯ ಪತ್ರಾಗಾರದಲ್ಲಿವೆ. ‘ಲಸ್ಕರ್’ ಎಂದು ಕರೆಯಲಾಗುತ್ತಿದ್ದ ಭಾರತೀಯ ನಾವಿಕರಿಗೆ ಪ್ರತ್ಯೇಕ ಒಪ್ಪಂದಗಳಿದ್ದು, ಅವು ಎಲ್ಲ ಹಡಗುಗಳಿಗೂ ಉಳಿದುಬಂದಿಲ್ಲ.

ಕುಟುಂಬದ ನೆನಪುಗಳನ್ನು ಬಳಸುವಾಗಲೂ ಎಚ್ಚರಿಕೆ ಅಗತ್ಯ. ಸಾರಂಗ್, ತಾಂಡೇಲ, ಸುಕಾನಿ, ಭಂಡಾರಿ ಎಂಬುವು ಹಡಗಿನ ಹುದ್ದೆಗಳು. ಭಂಡಾರಿ ಎಂದರೆ ಅಡುಗೆಯವನು. ತಾಂಡೇಲ, ಭಂಡಾರಿ ಎಂಬುವು ಕರಾವಳಿಯಲ್ಲಿ ಮನೆತನದ ಹೆಸರುಗಳೂ ಆಗಿರುವುದರಿಂದ, ಹುದ್ದೆಯನ್ನು ಹೆಸರೆಂದು ಭಾವಿಸಿ ವರ್ಷಗಟ್ಟಲೆ ತಪ್ಪು ವ್ಯಕ್ತಿಯನ್ನು ಹುಡುಕುವ ಸಂಭವವಿದೆ. ಊರಿನ ಹೆಸರೂ ಹಾಗೆಯೇ. ಹಳೆಯ ಇಂಗ್ಲಿಷ್ ಕಡತಗಳಲ್ಲಿ ಗೌರಿಬಿದನೂರು ‘ಗೋರಿಬಿದ್ನೂರ್’ ಎಂದೂ, ಜಿಲ್ಲೆ ಕೋಲಾರವೆಂದೂ ನಮೂದಾಗಿರುತ್ತದೆ. ಚಿಕ್ಕಬಳ್ಳಾಪುರ ಜಿಲ್ಲೆ ರಚನೆಯಾದದ್ದು 2007ರಲ್ಲಿ.

ಯಾವ ಪತ್ರಾಗಾರ:

ಗೌರಿಬಿದನೂರು ಮೈಸೂರು ಸಂಸ್ಥಾನಕ್ಕೆ ಸೇರಿದ್ದರಿಂದ, ಇಲ್ಲಿಯ ಹಳೆಯ ಸರ್ಕಾರಿ ಕಡತಗಳಿಗಾಗಿ ಬೆಂಗಳೂರಿನ ಕರ್ನಾಟಕ ರಾಜ್ಯ ಪತ್ರಾಗಾರ ಇಲಾಖೆಯನ್ನು ಸಂಪರ್ಕಿಸಬಹುದಾಗಿದೆ. ಪೂರ್ವಿಕರು ಕಾರವಾರ, ಹೊನ್ನಾವರ ಅಥವಾ ಭಟ್ಕಳದವರಾಗಿದ್ದಲ್ಲಿ, ಆ ಪ್ರದೇಶವು 1862ರಿಂದ 1956ರವರೆಗೆ ಮುಂಬಯಿ ಆಡಳಿತದಲ್ಲಿದ್ದ ಕಾರಣ ಮಹಾರಾಷ್ಟ್ರ ಪತ್ರಾಗಾರವನ್ನೂ, ಮಂಗಳೂರು ಕಡೆಯವರಾದಲ್ಲಿ ಚೆನ್ನೈನ ತಮಿಳುನಾಡು ಪತ್ರಾಗಾರವನ್ನೂ ನೋಡತಕ್ಕದ್ದು. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ಸೂಚಿಯನ್ನು ‘ಅಭಿಲೇಖ್ ಪಟಲ್’ ಜಾಲತಾಣದಲ್ಲಿ ಮನೆಯಿಂದಲೇ ಪರಿಶೀಲಿಸಬಹುದು.

ಎರಡನೆಯ ಮಹಾಯುದ್ಧದಲ್ಲಿ ಮಡಿದ ಭಾರತೀಯ ವಾಣಿಜ್ಯ ನಾವಿಕರಲ್ಲಿ ಆರು ಸಾವಿರಕ್ಕೂ ಹೆಚ್ಚು ಜನರ ಹೆಸರುಗಳು ಮುಂಬಯಿ ಹಾಗೂ ಚಿತ್ತಗಾಂಗ್ ಸ್ಮಾರಕಗಳ ಗೌರವ ಪಟ್ಟಿಯಲ್ಲಿವೆ. ಇದನ್ನು ಕಾಮನ್‌ವೆಲ್ತ್ ಯುದ್ಧ ಸಮಾಧಿಗಳ ಆಯೋಗವು ನಿರ್ವಹಿಸುತ್ತದೆ. ಬಿಟ್ಟುಹೋದ ಹೆಸರನ್ನು ಸೇರಿಸಲು ಪುರಾವೆ ಸಹಿತ ಕೋರಬಹುದಾಗಿದೆ. ಸೇವೆಯ ಪುರಾವೆಯೊಂದೇ ಸಾಲದು. ಮರಣವು ಯುದ್ಧದ ಕಾರಣದಿಂದ ಸಂಭವಿಸಿತೆಂಬುದೂ ಸಿದ್ಧವಾಗಬೇಕು. ಇಂತಹ ಕೋರಿಕೆಗೆ ಸಂಬಂಧವನ್ನು ತೋರಿಸಲು ನಾಡಕಚೇರಿಯಿಂದ ಪಡೆದ ವಂಶವೃಕ್ಷವು ನೆರವಾಗುತ್ತದೆ. ಸಮುದ್ರದಲ್ಲಿ ಸಂಭವಿಸಿದ ಮರಣವನ್ನು ತಾಲ್ಲೂಕಿನ ಮರಣ ನೋಂದಣಿ ಪುಸ್ತಕದಲ್ಲಿ ಹುಡುಕುವುದಕ್ಕಿಂತ, ಹಡಗಿನ ದಿನಚರಿ ಹಾಗೂ ಶಿಪ್ಪಿಂಗ್ ಮಾಸ್ಟರ್ ಕಚೇರಿಯ ಕಡತಗಳಲ್ಲಿ ಹುಡುಕುವುದು ಲೇಸು.

ಮಾಹಿತಿ ಹಕ್ಕು ಅರ್ಜಿ:

ಕೇಂದ್ರ ಸರ್ಕಾರದ ಕಚೇರಿಗಳ ವಶದಲ್ಲಿರುವ ದಾಖಲೆಗಳಿಗಾಗಿ ಮಾಹಿತಿ ಹಕ್ಕು ಅಧಿನಿಯಮ, 2005ರಡಿ ರೂ. 10 ಶುಲ್ಕದೊಂದಿಗೆ ಅರ್ಜಿ ಸಲ್ಲಿಸಬಹುದು. ಅರ್ಜಿಯಲ್ಲಿ ಹಡಗಿನ ಹೆಸರು, ಅಧಿಕೃತ ಸಂಖ್ಯೆ, ಬಂದರು, ಅಂದಾಜು ವರ್ಷ ಮತ್ತು ನಾವಿಕನ ಹೆಸರಿನ ಎಲ್ಲ ರೂಪಗಳನ್ನು ಸ್ಪಷ್ಟವಾಗಿ ನಮೂದಿಸತಕ್ಕದ್ದು. ಇರುವ ದಾಖಲೆಯನ್ನು ನೀಡುವುದಷ್ಟೇ ಮಾಹಿತಿ ಅಧಿಕಾರಿಯ ಹೊಣೆ. ಅರ್ಜಿದಾರರ ಪರವಾಗಿ ಸಂಶೋಧನೆ ನಡೆಸುವುದು ಅವರ ಕರ್ತವ್ಯವಲ್ಲ. ದಾಖಲೆಯು ಬೇರೊಂದು ಪ್ರಾಧಿಕಾರದಲ್ಲಿದ್ದರೆ ಅರ್ಜಿಯನ್ನು ಐದು ದಿನಗಳೊಳಗೆ ಅಲ್ಲಿಗೆ ವರ್ಗಾಯಿಸಬೇಕು. 30 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ, ಆ ಅವಧಿ ಮುಗಿದ 30 ದಿನಗಳೊಳಗೆ ಮೊದಲ ಮೇಲ್ಮನವಿ ಪ್ರಾಧಿಕಾರಕ್ಕೆ ಮನವಿ ಸಲ್ಲಿಸಬಹುದಾಗಿದೆ.