ಕ್ಯಾಪ್ ಹಾಕಿಸಿದ ಹಲ್ಲಿಗೂ ಬೇರಿನ ಚಿಂತೆ

"ಹಲ್ಲಿಗೆ ಕ್ಯಾಪ್ ಹಾಕಿಸಿ ಏಳೆಂಟು ವರ್ಷ ಆಗ್ಯಾವ. ಈಗ ಮತ್ತ ನೋಯಾಕ ಹತ್ತೈತಿ. ಡಾಕ್ಟರ್ ರೂಟ್ ಕೆನಾಲ್ ಮಾಡಬೇಕಂತಾರ." ವಿಜಯಪುರದ ಜೋರಾಪುರ ಪೇಟೆಯ ಮನೆಗಳಲ್ಲಿ ಇಂಥ ಮಾತು ಹೊಸದಲ್ಲ. ಇದನ್ನು ಕೇಳಿದೊಡನೆ ಮನೆಯವರಲ್ಲಿ ಎರಡು ಸಂಶಯಗಳು ಹುಟ್ಟುತ್ತವೆ. ಮೊದಲು ಹಾಕಿಸಿದ ಕ್ಯಾಪಿನ ಹಣ ವ್ಯರ್ಥವಾಯಿತೆ? ಇನ್ನಷ್ಟು ಹಣ ಸುರಿಯುವುದಕ್ಕಿಂತ ಹಲ್ಲನ್ನೇ ಕೀಳಿಸುವುದು ಲೇಸಲ್ಲವೆ? ಈ ಎರಡೂ ಪ್ರಶ್ನೆಗಳಿಗೆ ಶಾಂತಚಿತ್ತದಿಂದ ಉತ್ತರ ಕಂಡುಕೊಳ್ಳುವುದು ಅವಶ್ಯ.

ನಮ್ಮೂರ ಗೋಳಗುಮ್ಮಟವನ್ನು ನೋಡಿದವರಿಗೆ ಈ ವಿಷಯ ಸುಲಭವಾಗಿ ತಿಳಿದೀತು. ಗುಮ್ಮಟವು ಎಷ್ಟು ಭವ್ಯವಾಗಿದ್ದರೂ ಅದರ ಭಾರವನ್ನು ಹೊತ್ತಿರುವುದು ಕೆಳಗಿನ ಗೋಡೆ. ಕ್ಯಾಪ್ ಹಲ್ಲಿನ ಗುಮ್ಮಟವಿದ್ದಂತೆ. ಲೋಹದ ಅಥವಾ ಪಿಂಗಾಣಿಯ ಆ ಹೊದಿಕೆಗೆ ಹುಳುಕು ಹಿಡಿಯದು. ಆದರೆ ಅದರೊಳಗಿನ ಹಲ್ಲು ಜೀವಂತವಾದುದು. ಒಸಡಿನ ಅಂಚಿನಲ್ಲಿ ಕ್ಯಾಪ್ ಮುಗಿಯುವ ಸ್ಥಳದಲ್ಲಿ ಆಹಾರದ ಕಣಗಳು ನಿಂತರೆ, ಸೂಕ್ಷ್ಮಜೀವಿಗಳು ಉತ್ಪಾದಿಸುವ ಆಮ್ಲವು ಹಲ್ಲನ್ನು ಕರಗಿಸುತ್ತದೆ. ಹಲ್ಲಿನಲ್ಲಿ ಹುಳವಿದೆಯೆಂಬ ಹಳೆಯ ನಂಬಿಕೆಗೆ ಆಧಾರವಿಲ್ಲ. ಇದಲ್ಲದೆ ಕ್ಯಾಪ್ ಕೂಡಿಸುವಾಗ ಹಲ್ಲನ್ನು ಸುತ್ತಲೂ ಸುಮಾರು 1ರಿಂದ 2 ಮಿಲಿಮೀಟರಿನಷ್ಟು ಅರೆಯಬೇಕಾಗುತ್ತದೆ. ಆಗ ಆಗುವ ಆಘಾತ ಹಾಗೂ ಅದಕ್ಕೂ ಮೊದಲಿನ ಹುಳುಕಿನ ಪರಿಣಾಮವಾಗಿ ಒಳಗಿನ ನರವು ಕೆಲವರಲ್ಲಿ ವರ್ಷಗಳ ತರುವಾಯ ಸಾಯುವುದುಂಟು. ಕ್ಯಾಪ್ ಹಾಕಿದವರು ತಪ್ಪು ಮಾಡಿದರೆಂದೇ ಇದರ ಅರ್ಥವಲ್ಲ.

ಲಕ್ಷಣಗಳನ್ನು ಅರಿತಿರಬೇಕು. ಬಿಸಿ ಚಹ ಕುಡಿದ ಮೇಲೆ ನೋವು ಬಹಳ ಹೊತ್ತು ನಿಲ್ಲುವುದು, ರಾತ್ರಿ ನಿದ್ರೆ ಕೆಡಿಸುವ ನೋವು, ಕಟಕ ರೊಟ್ಟಿ ಅಗಿದಾಗ ಚುರುಕ್ ಎನ್ನುವುದು, ಒಸಡಿನ ಮೇಲೆ ಕೀವಿನ ಗುಳ್ಳೆ ಏಳುವುದು ಇವು ಮುಖ್ಯವಾದವು. ಕೆಲವೊಮ್ಮೆ ಇದ್ದಕ್ಕಿದ್ದಂತೆ ನೋವು ನಿಂತುಬಿಡುತ್ತದೆ. ಅದನ್ನು ಗುಣವೆಂದು ನಂಬಬಾರದು. ನರವು ಸತ್ತಿದ್ದು, ಸೋಂಕು ಮೌನವಾಗಿ ಎಲುಬಿಗೆ ಇಳಿಯುತ್ತಿರಬಹುದು.

ಇಂಥ ಹಲ್ಲಿಗೆ ರೂಟ್ ಕೆನಾಲ್ ಮಾಡಲು ಕ್ಯಾಪ್ ತೆಗೆಯಲೇಬೇಕೆಂಬ ನಿಯಮವಿಲ್ಲ. ಕ್ಯಾಪ್ ಭದ್ರವಾಗಿದ್ದು ಅಂಚಿನಲ್ಲಿ ಹುಳುಕಿರದಿದ್ದರೆ, ಮರಗಟ್ಟಿಸುವ ಚುಚ್ಚುಮದ್ದು ಕೊಟ್ಟು, ಕ್ಯಾಪಿನಲ್ಲಿಯೇ ಸಣ್ಣ ರಂಧ್ರ ಕೊರೆಯುತ್ತಾರೆ. ಆ ದಾರಿಯಿಂದ ಬೇರಿನ ನಾಳಗಳನ್ನು ಸೂಕ್ಷ್ಮ ಸಲಾಕೆಗಳಿಂದಲೂ ಔಷಧಿ ದ್ರಾವಣದಿಂದಲೂ ಶುಚಿಗೊಳಿಸುತ್ತಾರೆ. ಮುಂದಿನ ಹಲ್ಲಿಗೆ ಸಾಮಾನ್ಯವಾಗಿ ಒಂದೇ ನಾಳ. ದವಡೆ ಹಲ್ಲಿಗೆ ಮೂರು, ಕೆಲವೊಮ್ಮೆ ನಾಲ್ಕು. ಬಳಿಕ ಗಟಾಪರ್ಚಾ ಎಂಬ ಪದಾರ್ಥವನ್ನು ತುಂಬುತ್ತಾರೆ. ಇದು ಮಲಯ ಸೀಮೆಯ ಮರದ ಹಾಲಿನಿಂದ ದೊರೆಯುವಂಥದು. 19ನೆಯ ಶತಮಾನದಿಂದಲೂ ಹಲ್ಲಿನ ಚಿಕಿತ್ಸೆಯಲ್ಲಿ ಬಳಕೆಯಲ್ಲಿದೆ. ಕೊನೆಗೆ ರಂಧ್ರವನ್ನು ಸಿಮೆಂಟಿನಂಥ ವಸ್ತುವಿನಿಂದ ಮುಚ್ಚುತ್ತಾರೆ.

ಕ್ಯಾಪ್ ಸಡಿಲಾಗಿದ್ದರೆ ಅಥವಾ ಒಳಗೆ ಹುಳುಕು ಹರಡಿದ್ದರೆ ಅದನ್ನು ತೆಗೆದು, ಚಿಕಿತ್ಸೆಯ ನಂತರ ಹೊಸದನ್ನು ಹಾಕಬೇಕಾಗುತ್ತದೆ. ಕೊರೆಯುವಾಗ ಪಿಂಗಾಣಿ ಸೀಳುವ ಸಂಭವವೂ ಇದೆ. ಆದ್ದರಿಂದ ಕ್ಯಾಪ್ ಉಳಿಯುವುದೆ, ಎಷ್ಟು ಸಲ ಬರಬೇಕು, ಒಟ್ಟು ಖರ್ಚೆಷ್ಟು, ಕ್ಯಾಪ್ ಒಡೆದರೆ ಮುಂದೇನು ಎಂಬುದನ್ನು ಮೊದಲೇ ಕೇಳಿ ತಿಳಿಯಬೇಕು. ಹಲ್ಲಿನ ಬೇರು ಸೀಳಿದ್ದರೆ ಕೀಳಿಸುವುದು ಅನಿವಾರ್ಯವಾಗಬಹುದು. ಉಳಿಯುವ ಹಲ್ಲನ್ನು ಕಿತ್ತರೆ ಪಕ್ಕದ ಹಲ್ಲುಗಳು ವಾಲುತ್ತವೆ. ಬದಲಿ ಹಲ್ಲು ಕಟ್ಟಿಸುವ ಖರ್ಚು ಅನೇಕ ಸಲ ಹೆಚ್ಚೇ ಆಗುತ್ತದೆ. ಹಣದ ಅಡಚಣೆಯಿರುವವರು ದಂತ ಮಹಾವಿದ್ಯಾಲಯಗಳ ಆಸ್ಪತ್ರೆಗಳನ್ನು ವಿಚಾರಿಸಬಹುದು. ನಮ್ಮ ನಗರದಲ್ಲಿ ಅಲ್ ಅಮೀನ್ ದಂತ ಮಹಾವಿದ್ಯಾಲಯವಿದೆ. ಬಾಗಲಕೋಟೆಯಲ್ಲಿ ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘದ, ಬೆಳಗಾವಿಯಲ್ಲಿ ಕೆ.ಎಲ್.ಇ. ಸಂಸ್ಥೆಯ ದಂತ ಮಹಾವಿದ್ಯಾಲಯಗಳಿವೆ.

ಮನೆಯಲ್ಲಿ ಮಾಡಬಾರದ ಕೆಲಸಗಳೂ ಇವೆ. ಲವಂಗದ ಎಣ್ಣೆ ಕ್ಷಣಿಕ ಉಪಶಮನ ನೀಡೀತು, ರೋಗ ಕಳೆಯದು. ನೋವಿನ ಗುಳಿಗೆಯನ್ನು ಒಸಡಿಗೆ ಒತ್ತಿದರೆ ಒಸಡು ಸುಡುತ್ತದೆ. ತಂಬಾಕಿನ ಪುಡಿ ತಿಕ್ಕುವುದಂತೂ ಬಾಯಿಯ ಕ್ಯಾನ್ಸರಿಗೆ ಆಹ್ವಾನ. ಸಕ್ಕರೆ ಕಾಯಿಲೆಯವರೂ ರಕ್ತ ತೆಳುವಾಗಿಸುವ ಔಷಧ ಸೇವಿಸುವವರೂ ಅದನ್ನು ದಂತವೈದ್ಯರಿಗೆ ತಿಳಿಸಬೇಕು. ತಾವಾಗಿಯೇ ಗುಳಿಗೆ ನಿಲ್ಲಿಸಬಾರದು. ಮುಖ ಬಾತು ಜ್ವರ ಬಂದರೆ, ನುಂಗಲು ಇಲ್ಲವೆ ಉಸಿರಾಡಲು ಕಷ್ಟವಾದರೆ ಬೆಳಗಿನವರೆಗೆ ಕಾಯದೆ ದೊಡ್ಡ ಆಸ್ಪತ್ರೆಗೆ ಕರೆದೊಯ್ಯಬೇಕು.

ನಮ್ಮನ್ನು ಹೆಚ್ಚು ಕಾಡುವುದು ಮನೆಯ ಹಿರಿಯರ ಮೌನ. ಮಕ್ಕಳಿಗೆ ಭಾರವಾಗಬಾರದೆಂದು ಎಷ್ಟೋ ತಾಯಂದಿರು ನೋವನ್ನು ನುಂಗಿಕೊಂಡು, ರೊಟ್ಟಿ ಬಿಟ್ಟು ಅಂಬಲಿಗೆ ಇಳಿಯುತ್ತಾರೆ. "ಹಸಿವಿಲ್ಲ" ಎಂದು ತಾಟಿನ ಮುಂದಿನಿಂದ ಎದ್ದುಬಿಡುತ್ತಾರೆ. ಬಸವಣ್ಣನವರು ದೇಹವನ್ನು ಶಿವಾಲಯವಾಗಿ ಕಂಡವರು. ಪ್ರಸಾದವು ನಮಗೆ ಅಷ್ಟಾವರಣಗಳಲ್ಲಿ ಒಂದು. ಆ ಪ್ರಸಾದವನ್ನು ನೆಮ್ಮದಿಯಿಂದ ಅಗಿದು ಸ್ವೀಕರಿಸುವ ಭಾಗ್ಯವನ್ನು ಹಿರಿಯರಿಗೆ ಉಳಿಸಿಕೊಡುವುದು ನಮ್ಮ ಕರ್ತವ್ಯ. ಇಂದು ಊಟಕ್ಕೆ ಕುಳಿತಾಗ ಅವರು ಯಾವ ಬದಿಯಿಂದ ಅಗಿಯುತ್ತಾರೆಂಬುದನ್ನು ಒಮ್ಮೆ ಗಮನಿಸಿ. ಒಂದೇ ಬದಿಯಿಂದ ಅಗಿಯುತ್ತಿದ್ದರೆ, ಅವರು ಹೇಳುವವರೆಗೆ ಕಾಯದೆ ನೀವೇ ಕೇಳಿರಿ.