ಫ್ಯಾನ್ ನಿಂತಿದೆ, ಲೆಕ್ಕ ಮಾತ್ರ ಓಡ್ತಿದೆ!

ಬೆಳಗಾವಿಯಿಂದ ಸವದತ್ತಿ ಕಡೆ ಹೋದವರು ನೋಡಿರ್ತೀರಿ, ಗುಡ್ಡದ ಮೇಲೆ ಗಾಳಿಯಂತ್ರಗಳ ಸಾಲು. ಹತ್ತು ತಿರುಗ್ತಿದ್ದರೆ ಒಂದು ಸುಮ್ಮನೆ ನಿಂತಿರುತ್ತೆ. "ಆ ಫ್ಯಾನ್ ಕೆಟ್ಟೈತ್ರಿ" ಅಂತಾರೆ ಬಸ್ಸಿನಲ್ಲಿ ಪಕ್ಕದವರು. ಆದರೆ ನಿರ್ವಹಣೆ ಕಂಪನಿಯ ವರದಿಯಲ್ಲಿ ಅದೇ ಯಂತ್ರ ‘ಲಭ್ಯ’ ಅಂತ ನಮೂದಾಗಿರಬಹುದು. ಹಾಗಂತ ಅದು ಸುಳ್ಳು ಲೆಕ್ಕವೇ ಆಗಬೇಕಿಲ್ಲ.

ಇದು ಅರ್ಥ ಆಗಬೇಕಾದರೆ ಮಳೆಗಾಲದಲ್ಲಿ ಖಾನಾಪುರದ ಒಂದು ಮನೆಗೆ ಬನ್ನಿ. ಜಾಂಬೋಟಿ ಕಡೆ ಮರ ಬಿದ್ದು ತಂತಿ ಹರಿದಿದೆ, ಕರೆಂಟಿಲ್ಲ. ಅಡುಗೆಮನೆಯ ಮಿಕ್ಸರ್ ಚೆನ್ನಾಗೇ ಇದೆ, ಚಟ್ನಿ ಮಾತ್ರ ಆಗಲ್ಲ. ಅದಕ್ಕೆ ಮಿಕ್ಸರ್ ರಿಪೇರಿಯವರನ್ನು ಬೈಯೋಕಾಗುತ್ತಾ? ಗಾಳಿಯಂತ್ರಕ್ಕೂ ಇದೇ ನ್ಯಾಯ. ಗ್ರಿಡ್ ಇಲ್ಲದೆ ನಿಂತರೆ, ಗಾಳಿ ಸಾಲದೆ ನಿಂತರೆ, ಅದು ನಿರ್ವಹಣೆಯವರ ತಪ್ಪಲ್ಲ. ಇಲ್ಲಿಯವರೆಗೆ ತಕರಾರಿಲ್ಲ.

ತಕರಾರು ಶುರುವಾಗೋದು ಪರ್ಸೆಂಟಿನಲ್ಲಿ. ಉದ್ಯಮಬಾಗ್‌ನ ಫೌಂಡ್ರಿ ಮಾಲೀಕರೊಬ್ಬರು 2.1 ಮೆಗಾವಾಟ್‌ನ ಒಂದು ಯಂತ್ರ ಹಾಕಿಸಿದ್ದಾರೆ ಅಂದುಕೊಳ್ಳಿ. ಒಪ್ಪಂದದಲ್ಲಿ 95 ಪರ್ಸೆಂಟ್ ಲಭ್ಯತೆಯ ಗ್ಯಾರಂಟಿ. ಕೇಳೋಕೆ ಚೆಂದ. ವರ್ಷಕ್ಕೆ 8,760 ಗಂಟೆ, ಅದರಲ್ಲಿ 5 ಪರ್ಸೆಂಟ್ ಅಂದ್ರೆ 438 ಗಂಟೆ. ಹದಿನೆಂಟು ದಿನ ಯಂತ್ರ ಕೆಟ್ಟು ನಿಂತರೂ ದಂಡವಿಲ್ಲ!

ಯಾವ ಹದಿನೆಂಟು ದಿನ? ಅದೇ ಮುಖ್ಯ. ನಾನೂ ಇಂಜಿನಿಯರಿಂಗ್ ಓದಿದವನೇ, ಓದಿದ್ದರಲ್ಲಿ ಮರೆತಿದ್ದೇ ಹೆಚ್ಚು. ಆದರೆ ಒಂದು ಸೂತ್ರ ನೆನಪಿದೆ. ಗಾಳಿಯ ವೇಗ ಎರಡು ಪಟ್ಟಾದರೆ ಅದರಲ್ಲಿರುವ ಶಕ್ತಿ ಎಂಟು ಪಟ್ಟು. ನಮ್ಮ ಕಡೆ ಗಾಳಿಯ ಸುಗ್ಗಿ ಅಂದ್ರೆ ಮುಂಗಾರು. ಜುಲೈನಲ್ಲಿ ಈ ಯಂತ್ರ ಪೂರ್ತಿ ಸಾಮರ್ಥ್ಯದಲ್ಲಿ ದಿನವಿಡೀ ಓಡಿದರೆ 50,400 ಯೂನಿಟ್. ಯೂನಿಟ್‌ಗೆ 4 ರೂಪಾಯಿ ಅಂತ ಹಿಡಿದರೂ ಎರಡು ಲಕ್ಷ ದಾಟುತ್ತೆ. ಗಾಳಿ ಬಿದ್ದ ದಿನದಲ್ಲಿ ಅದರ ಒಂದು ಚೂರೂ ಬರಲ್ಲ. ಆದರೆ ಗಂಟೆ ಎಣಿಸೋ ಒಪ್ಪಂದಕ್ಕೆ ಎರಡು ದಿನವೂ ಒಂದೇ, 24 ಗಂಟೆ.

ಇನ್ನೊಂದು ಚಮತ್ಕಾರ ಸರಾಸರಿಯದು. ಒಂದೇ ಗುಡ್ಡದಲ್ಲಿ 20 ಯಂತ್ರಗಳಿವೆ, ಗ್ಯಾರಂಟಿ ಇರೋದು ಇಪ್ಪತ್ತರ ಸರಾಸರಿಗೆ. ನಮ್ಮ ಫೌಂಡ್ರಿಯವರ ಗೇರ್‌ಬಾಕ್ಸ್ ಒಡೆದು ಮೂರು ತಿಂಗಳು ನಿಂತಿತು. ಉಳಿದ ಹತ್ತೊಂಬತ್ತೂ ಸರಿಯಾಗಿದ್ದರೆ ಸರಾಸರಿ 98.75! ಗ್ಯಾರಂಟಿ ಪಾಸು. ಬ್ಯಾಂಕಿನ ಕಂತು ಮಾತ್ರ ಒಬ್ಬರದೇ.

ಹಾಗಾದರೆ ಇನ್ನೇನನ್ನು ಅಳೀಬೇಕು? 2019ರ ಅಂತರರಾಷ್ಟ್ರೀಯ ಮಾನದಂಡ ಐಇಸಿ 61400-26-1 ಎರಡು ಲೆಕ್ಕ ಹೇಳುತ್ತೆ. ಒಂದು ಗಂಟೆಯದು, ಇನ್ನೊಂದು ಉತ್ಪಾದನೆಯದು. ಅಂದ್ರೆ, ಆ ಗಾಳಿಗೆ ಬರಬೇಕಿದ್ದ ಯೂನಿಟ್ ಎಷ್ಟು, ಬಂದಿದ್ದು ಎಷ್ಟು. ಜುಲೈನಲ್ಲಿ ನಿಂತ ಒಂದು ದಿನ ಇಲ್ಲಿ ದೊಡ್ಡದಾಗೇ ಕಾಣುತ್ತೆ. ಮಾಲೀಕರು ಸಹಿ ಹಾಕೋ ಮುಂಚೆ ಕೇಳಬೇಕಾದ್ದು ಇದನ್ನೇ, ಅದೂ ತಮ್ಮ ಯಂತ್ರಕ್ಕೆ ಪ್ರತ್ಯೇಕವಾಗಿ.

ಜೊತೆಗೆ ದಾಖಲೆ. ಯಂತ್ರದೊಳಗಿನ ಸ್ಕಾಡಾ ಸಾಮಾನ್ಯವಾಗಿ ಹತ್ತು ಹತ್ತು ನಿಮಿಷಕ್ಕೆ ಗಾಳಿಯ ವೇಗ, ಉತ್ಪಾದನೆ ಎರಡನ್ನೂ ಬರೆದಿಡುತ್ತೆ. ನಿಂತಾಗ ‘ಗ್ರಿಡ್ ತೊಂದರೆ’ ಅಂತಲೋ ‘ಗೇರ್‌ಬಾಕ್ಸ್’ ಅಂತಲೋ ಕಾರಣವೂ ಸೇರುತ್ತೆ. ಆದರೆ ತಿಂಗಳ ವರದಿಯಲ್ಲಿ ಆ ಕಾರಣಗಳನ್ನು ವಿಂಗಡಿಸೋರು ಬಹಳ ಸಲ ಆ ನಿರ್ವಹಣೆ ಕಂಪನಿಯವರೇ. ಹಾಗಾಗಿ ಮೂಲ ದಾಖಲೆಯ ಪ್ರತಿ ಮಾಲೀಕರಿಗೂ ಪ್ರತಿ ತಿಂಗಳು ಸಿಗಬೇಕು ಅನ್ನೋ ಸಾಲು ಒಪ್ಪಂದದಲ್ಲಿದೆಯಾ, ಮೊದಲು ಹುಡುಕಿ ನೋಡಿ.